ಪಿಯಾನೊ ಜೊತೆ ಸ್ಟ್ರಿಂಗ್ಸ್: ಎನ್ವಲಪ್, ವಾಲ್ಯೂಮ್, ಪ್ಯಾನ್ ಹೊಂದಿಸುವ ಕ್ರಮ

ಸುಗಮ ಸಂಗೀತಕ್ಕೆ ಕೀಬೋರ್ಡ್ ನುಡಿಸುವವರಿಗೆ ಮತ್ತೆ ಮತ್ತೆ ಬೇಕಾಗುವ ನಾದವೆಂದರೆ ಪಿಯಾನೊ ಮೇಲೆ ಸ್ಟ್ರಿಂಗ್ಸ್ (ವಯಲಿನ್ ಬಳಗದ ನಾದ) ಸೇರಿಸಿದ ಲೇಯರ್. ಕಂಪನಿ ಕೊಟ್ಟ ಸೆಟ್ಟಿಂಗ್ ಹೆಡ್‌ಫೋನ್‌ನಲ್ಲಿ ಸೊಗಸಾಗಿರುತ್ತದೆ. ವೇದಿಕೆ ಹತ್ತಿದರೆ ಸ್ಟ್ರಿಂಗ್ಸ್ ಕೇಳಿಸುವುದೇ ಇಲ್ಲ, ಇಲ್ಲವೇ ಹಾಡುವವರ ದನಿಯನ್ನೇ ಮುಚ್ಚಿಬಿಡುತ್ತದೆ. ಆಗ ಕೈ ಮೊದಲು ಹೋಗುವುದು ವಾಲ್ಯೂಮ್‌ಗೆ. ಹಾಗೆ ಮಾಡಬೇಡಿ. ಮೊದಲು ಎನ್ವಲಪ್ ಸರಿಮಾಡಿ. ಆಮೇಲೆ ವಾಲ್ಯೂಮ್, ಕೊನೆಗೆ ಪ್ಯಾನ್, ಅಂದರೆ ನಾದ ಎಡಬಲಗಳಲ್ಲಿ ಎಲ್ಲಿಂದ ಕೇಳಿಸಬೇಕು ಎಂಬುದು. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ಒಂದು ಸ್ವರ ಹುಟ್ಟಿ ಅಡಗುವವರೆಗೆ ಅದರ ಗಟ್ಟಿತನ ಹೇಗೆ ಏರಿಳಿಯಬೇಕು ಎಂಬುದನ್ನು ಎನ್ವಲಪ್ ನಿರ್ಧರಿಸುತ್ತದೆ. ಕೀ ಒತ್ತಿದಾಗಿನಿಂದ ಪೂರ್ತಿ ಮಟ್ಟ ಮುಟ್ಟುವವರೆಗಿನ ಸಮಯ ಅಟ್ಯಾಕ್. ಅಲ್ಲಿಂದ ಇಳಿಯುವ ಸಮಯ ಡಿಕೇ. ಕೀ ಒತ್ತಿ ಹಿಡಿದಿರುವಷ್ಟು ಹೊತ್ತು ನಿಲ್ಲುವ ಮಟ್ಟ ಸಸ್ಟೇನ್. ಕೈ ಎತ್ತಿದ ಮೇಲೆ ಅಡಗಲು ಬೇಕಾಗುವ ಸಮಯ ರಿಲೀಸ್. ನಾಲ್ಕರಲ್ಲಿ ಮೂರು ಸಮಯ, ಸಸ್ಟೇನ್ ಮಾತ್ರ ಮಟ್ಟ. ಇದು ಮನಸ್ಸಿನಲ್ಲಿದ್ದರೆ ಅರ್ಧ ಗೊಂದಲ ಕಳೆಯಿತು. ಸಸ್ಟೇನ್ ಪೂರ್ತಿ ಏರಿಸಿಟ್ಟು ಡಿಕೇ ತಿರುಗಿಸಿದರೆ ಏನೂ ಬದಲಾಗದು, ಏಕೆಂದರೆ ಇಳಿಯಲು ಜಾಗವೇ ಇಲ್ಲ. ಕಾಲಲ್ಲಿ ಒತ್ತುವ ಸಸ್ಟೇನ್ ಪೆಡಲ್‌ಗೂ ಈ ಸಸ್ಟೇನ್‌ಗೂ ಸಂಬಂಧವಿಲ್ಲ. ಪೆಡಲ್ ಮಾಡುವುದು ನೀವು ಕೀ ಬಿಟ್ಟಿದ್ದನ್ನು ಯಂತ್ರಕ್ಕೆ ತಿಳಿಸದೆ ತಡೆಹಿಡಿಯುವ ಕೆಲಸ.

ಈಗ ಸ್ಟ್ರಿಂಗ್ಸ್ ಏಕೆ ಕೇಳಿಸುತ್ತಿಲ್ಲ ನೋಡೋಣ. ನಿಮಿಷಕ್ಕೆ 120 ಬೀಟ್ ಟೆಂಪೊದಲ್ಲಿ ಒಂದು ಬೀಟ್ 500 ಮಿಲಿಸೆಕೆಂಡ್. ಬೀಟ್‌ಗೆ ನಾಲ್ಕು ಸ್ವರ ನುಡಿಸಿದರೆ ಒಂದೊಂದಕ್ಕೆ ಸಿಗುವುದು 125. ಸ್ಟ್ರಿಂಗ್ಸ್ ಅಟ್ಯಾಕ್ 300 ಮಿಲಿಸೆಕೆಂಡ್ ಇದ್ದರೆ ಪ್ರತಿ ಸ್ವರವೂ ಅರ್ಧ ಏರುವ ಮೊದಲೇ ಮುಗಿಯುತ್ತದೆ. ವಾಲ್ಯೂಮ್ ಎಷ್ಟೇ ಏರಿಸಿದರೂ ವೇಗದ ಭಾಗದಲ್ಲಿ ಅದು ಹಿಂದೆಯೇ ಉಳಿಯುತ್ತದೆ, ಹಾಡು ನಿಧಾನವಾಗಿ ಉದ್ದ ಸ್ವರ ಬಂದ ಕೂಡಲೇ ಅಬ್ಬರಿಸುತ್ತದೆ. ಅಟ್ಯಾಕ್ ಅನ್ನು 60ರಿಂದ 80 ಮಿಲಿಸೆಕೆಂಡ್‌ಗೆ ಇಳಿಸಿ. ಪಿಯಾನೊ ಹೊಡೆತ ಮುಂದೆ ಕೇಳಿಸುತ್ತದೆ, ಸ್ಟ್ರಿಂಗ್ಸ್ ಅದರ ಬೆನ್ನಿಗೇ ಬರುತ್ತದೆ. ಪೂರ್ತಿ ಸೊನ್ನೆ ಬೇಡ. ಎರಡೂ ಒಟ್ಟಿಗೆ ಗುದ್ದಿದರೆ ಪಿಯಾನೊದ ಚುರುಕು ಮಂಕಾಗುತ್ತದೆ, ಕೆಲವು ಸಿಂಥ್ ನಾದಗಳಲ್ಲಿ ‘ಟಿಕ್’ ಎಂಬ ಸದ್ದೂ ಸೇರಿಕೊಳ್ಳುತ್ತದೆ.

ರಿಲೀಸ್‌ನದ್ದು ಇದರ ಉಲ್ಟಾ ಕಾಟ. ಎರಡು ಸೆಕೆಂಡ್ ರಿಲೀಸ್ ಇಟ್ಟು ಕಾರ್ಡ್ ಬದಲಿಸಿದರೆ ಹಳೆಯ ಕಾರ್ಡ್ ಹೊಸದರ ಮೇಲೆ ತೇಲುತ್ತಲೇ ಇರುತ್ತದೆ. ರಾಗದ ಛಾಯೆ ಇರುವ ಹಾಡಿನಲ್ಲಿ ಇದು ತುಂಬ ಕೆಡುಕು: ಶುದ್ಧ ಮಧ್ಯಮ ಇನ್ನೂ ಅಡಗದಿರುವಾಗ ಪಂಚಮ ಬಂದರೆ ಕಿವಿಗೆ ಕಲಸಿಹೋದಂತೆ. 300ರಿಂದ 500 ಮಿಲಿಸೆಕೆಂಡ್ ಸಾಕು. ಉದ್ದ ಬಾಲ ಬೇಕೆನಿಸಿದರೆ ಅದನ್ನು ರಿವರ್ಬ್‌ನಿಂದ (ಅನುರಣನದ ಎಫೆಕ್ಟ್) ತನ್ನಿ. ರಿಲೀಸ್ ಉದ್ದವಾದಷ್ಟೂ ಪಾಲಿಫೊನಿಯೂ (ಕೀಬೋರ್ಡ್ ಒಟ್ಟಿಗೆ ಹೊರಡಿಸಬಲ್ಲ ಧ್ವನಿಗಳ ಸಂಖ್ಯೆ) ಖರ್ಚಾಗುತ್ತದೆ. ಸ್ಟೀರಿಯೊ ಪಿಯಾನೊಗೆ ಕೀಗೆ ಎರಡು ಧ್ವನಿ, ಸ್ಟ್ರಿಂಗ್ಸ್‌ಗೆ ಎರಡು ಎಂದಾದರೆ 64 ಪಾಲಿಫೊನಿಯ ಕೀಬೋರ್ಡ್ 16 ಸ್ವರಕ್ಕೇ ತುಂಬಿತು. ಪೆಡಲ್ ಒತ್ತಿದ್ದಾಗ ಸ್ವರಗಳು ನಡುವೆಯೇ ತುಂಡಾಗಲು ಇದೇ ಕಾರಣ.

ನಿಮ್ಮ ಕೀಬೋರ್ಡ್ ಮಿಲಿಸೆಕೆಂಡ್ ತೋರಿಸದಿರಬಹುದು. ಬಹಳಷ್ಟು ಮಾದರಿಗಳಲ್ಲಿ 0ರಿಂದ 127 ಅಥವಾ -64ರಿಂದ +63 ಇರುತ್ತದೆ. ಇಂಥಲ್ಲಿ 64 ಅಥವಾ 0 ಎಂದರೆ ‘ಆ ನಾದದ ಸ್ವಂತ ಸೆಟ್ಟಿಂಗ್‌ನಷ್ಟೇ’ ಎಂದು ಅರ್ಥ, ನೀವು ಮಾಡುವುದು ಅದರ ಮೇಲಿನ ಹೆಚ್ಚುಕಡಿಮೆ. ಹಾಗಾಗಿ ಒಂದು ಸ್ಟ್ರಿಂಗ್ಸ್‌ನ ಸಂಖ್ಯೆಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಫಲ ಬೇರೆಯೇ. ಮೆಟ್ರೊನೋಮ್ ಹಾಕಿ, ಹಾಡಿನ ಅತಿ ವೇಗದ ಸಾಲನ್ನು ನುಡಿಸುತ್ತ ಕಿವಿಯಿಂದಲೇ ಹೊಂದಿಸಿ. ಪ್ಯಾನೆಲ್‌ನಲ್ಲಿ ನಾಬ್ ಇಲ್ಲದಿದ್ದರೆ ಮಿಡಿ (ವಾದ್ಯಗಳು ಪರಸ್ಪರ ಸಂದೇಶ ಕಳಿಸುವ ಪದ್ಧತಿ) ಕಂಟ್ರೋಲರ್‌ನಿಂದ ಕಳಿಸಬಹುದು. ಅವುಗಳ ಕಂಟ್ರೋಲ್ ಸಂಖ್ಯೆ: ಅಟ್ಯಾಕ್ 73, ರಿಲೀಸ್ 72, ವಾಲ್ಯೂಮ್ 7, ಪ್ಯಾನ್ 10, ಎಕ್ಸ್‌ಪ್ರೆಶನ್ (ನುಡಿಸುತ್ತಿರುವಾಗ ಮಾಡುವ ಏರಿಳಿತ) 11. ಕೀಬೋರ್ಡ್ ಯಾವುದನ್ನೆಲ್ಲ ಸ್ವೀಕರಿಸುತ್ತದೆ ಎಂಬುದು ಅದರ ಮ್ಯಾನುಯಲ್‌ನ ಮಿಡಿ ಪಟ್ಟಿಯಲ್ಲಿ ಇರುತ್ತದೆ.

ವಾಲ್ಯೂಮ್‌ನಲ್ಲಿ ಪಿಯಾನೊ ಏರಿಸುವುದಕ್ಕಿಂತ ಸ್ಟ್ರಿಂಗ್ಸ್ ಇಳಿಸುವುದು ಒಳ್ಳೆಯದು. ಪಿಯಾನೊ 100ರಲ್ಲಿಟ್ಟು, ಸ್ಟ್ರಿಂಗ್ಸ್ ಅನ್ನು ಸೊನ್ನೆಯಿಂದ ಮೇಲೆ ತನ್ನಿ. ಇದೆ ಎಂದು ತಿಳಿಯುವಷ್ಟಾದಾಗ ನಿಲ್ಲಿಸಿ. ಸಾಮಾನ್ಯವಾಗಿ 60ರಿಂದ 70ರ ನಡುವೆ ನಿಲ್ಲುತ್ತದೆ. ಜನರಲ್ ಮಿಡಿ ಎಂಬ ಮಾನದಂಡ ಸೂಚಿಸುವ ಲೆಕ್ಕದಲ್ಲಿ 127ರಿಂದ 90ಕ್ಕೆ ಇಳಿದರೆ ಸುಮಾರು 6 ಡೆಸಿಬೆಲ್, 64ಕ್ಕೆ ಇಳಿದರೆ ಸುಮಾರು 12 ಡೆಸಿಬೆಲ್ ಕಡಿಮೆ. ಅಂದರೆ ಕೆಳಗಿನ ಅರ್ಧದಲ್ಲಿ ಒಂದೊಂದು ಅಂಕಿಗೂ ತೂಕ ಹೆಚ್ಚು. ಹಾಡಿನ ನಡುವೆ ಏರಿಳಿಸಲು ಎಕ್ಸ್‌ಪ್ರೆಶನ್ ಪೆಡಲ್ ಬಳಸಿ, ಅದನ್ನು ಸ್ಟ್ರಿಂಗ್ಸ್ ಭಾಗಕ್ಕೆ ಮಾತ್ರ ಜೋಡಿಸಿ. ಪಲ್ಲವಿಯಲ್ಲಿ ಪಿಯಾನೊ ಒಂದೇ, ಚರಣದಲ್ಲಿ ಸ್ಟ್ರಿಂಗ್ಸ್ ಮೆಲ್ಲನೆ ಏರುವಂತೆ ಕಾಲಿನಿಂದಲೇ ಮಾಡಬಹುದು. ಪೆಡಲ್ ಹಿಂದಕ್ಕೆ ಒತ್ತಿದಾಗ ನಾದ ಜೋರಾಗಿ, ಮುಂದಕ್ಕೆ ಒತ್ತಿದಾಗ ಸಣ್ಣದಾದರೆ, ಇಲ್ಲವೇ ಅರ್ಧಕ್ಕೇ ನಿಂತರೆ, ಅದರ ಧ್ರುವ (ಪೋಲಾರಿಟಿ, ಅಂದರೆ ಒಳಗಿನ ತಂತಿ ಜೋಡಣೆಯ ಕ್ರಮ) ನಿಮ್ಮ ಕೀಬೋರ್ಡ್‌ಗೆ ಹೊಂದುತ್ತಿಲ್ಲ. ಧ್ರುವ ಬದಲಿಸುವ ಸ್ವಿಚ್ ಪೆಡಲ್‌ನಲ್ಲಿ ಇದೆಯೇ ನೋಡಿ.

ಪ್ಯಾನ್‌ನಲ್ಲಿ 0 ಪೂರ್ತಿ ಎಡ, 64 ನಡು, 127 ಪೂರ್ತಿ ಬಲ. ರೆಕಾರ್ಡಿಂಗ್‌ಗಾದರೆ ಸ್ಟ್ರಿಂಗ್ಸ್ 44, ಗಿಟಾರ್ 84 ಎಂದು ಹಂಚಿ, ಬೇಸ್ ಮತ್ತು ಕೊಳಲನ್ನು ನಡುವೆ ಇಡಿ. ವೇದಿಕೆಯಲ್ಲಿ ಹಾಗಲ್ಲ. ನಮ್ಮ ಬಹುತೇಕ ಸಭಾಂಗಣ, ಪೆಂಡಾಲ್‌ಗಳ ಸೌಂಡ್ ಸಿಸ್ಟಮ್ ನಡೆಯುವುದು ಮೋನೊದಲ್ಲಿ, ಅಂದರೆ ಎಡಬಲ ಬೇರೆಯಾಗದೆ ಎಲ್ಲವೂ ಒಂದೇ ಆಗಿ. ಸ್ಟೀರಿಯೊ ಇದ್ದರೂ ಎಡಬದಿಯ ಸ್ಪೀಕರ್ ಎದುರು ಕೂತವರಿಗೆ ಬಲಕ್ಕೆ ತಳ್ಳಿದ ವಾದ್ಯ ಕೇಳಿಸದು. ಎಲ್ಲವನ್ನೂ 54ರಿಂದ 74ರೊಳಗೆ ಇಡಿ. ಒಂದೇ ಕೇಬಲ್ ಇದ್ದರೆ ಎಲ್/ಮೋನೊ ಎಂದು ಬರೆದ ಜ್ಯಾಕ್‌ಗೇ ಹಾಕಿ; ಬಲದ ಜ್ಯಾಕ್‌ಗೆ ಹಾಕಿದರೆ ಹಲವು ಕೀಬೋರ್ಡ್‌ಗಳು ಅರ್ಧ ನಾದವನ್ನಷ್ಟೇ ಕೊಡುತ್ತವೆ. ಮನೆಯಲ್ಲೇ ಎಲ್/ಮೋನೊ ಒಂದರಿಂದಲೇ ಕೇಳಿ ನೋಡಿ. ಸ್ಟೀರಿಯೊ ಕೋರಸ್ (ನಾದವನ್ನು ದಪ್ಪಗೊಳಿಸುವ ಎಫೆಕ್ಟ್) ದಟ್ಟವಾಗಿರುವ ನಾದ ಅಲ್ಲಿ ತೆಳ್ಳಗಾದರೆ, ಎಡಬಲದ ಅಲೆಗಳು ಒಂದನ್ನೊಂದು ಅಳಿಸುತ್ತಿವೆ ಎಂದು ತಿಳಿಯಿರಿ; ಕೋರಸ್ ಕಡಿಮೆ ಮಾಡಿ.

ಕೊಳಲಿನ ನಾದಕ್ಕೆ ಒಂದು ಮಾತು ಹೆಚ್ಚು ಹೇಳಬೇಕು. ಒಟ್ಟಿಗೆ ಹಲವು ಸ್ವರ ನುಡಿಯುವ ಪಾಲಿ ಮೋಡ್‌ನಲ್ಲಿ ಪ್ರತಿ ಸ್ವರಕ್ಕೂ ಅಟ್ಯಾಕ್ ಹೊಸದಾಗಿ ಶುರುವಾಗುತ್ತದೆ, ಪ್ರತಿ ಸ್ವರಕ್ಕೂ ಹೊಸ ಉಸಿರು ಊದಿದಂತೆ ಕೇಳುತ್ತದೆ. ಮೋನೊ (ಇಲ್ಲಿ ಒಮ್ಮೆಗೆ ಒಂದೇ ಸ್ವರ ಎಂದರ್ಥ) ಮತ್ತು ಲೆಗಾಟೊ (ಸ್ವರಗಳನ್ನು ಕಡಿಯದೆ ಜೋಡಿಸುವುದು) ಆನ್ ಮಾಡಿ, ಹಿಂದಿನ ಕೀ ಬಿಡುವ ಮೊದಲೇ ಮುಂದಿನದನ್ನು ಒತ್ತಿ. ಆಗ ಅಟ್ಯಾಕ್ ಮೊದಲ ಸ್ವರಕ್ಕೆ ಮಾತ್ರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಪೋರ್ಟಮೆಂಟೊ ಸ್ವಲ್ಪ ಸೇರಿಸಿದರೆ ಜಾರು ಬರುತ್ತದೆ. ವೀಣೆಗೆ ಬೇರೆ ರೂಪ: ಅಟ್ಯಾಕ್ ಸೊನ್ನೆ, ಸಸ್ಟೇನ್ ಸೊನ್ನೆ, ಡಿಕೇ ಎರಡು ಮೂರು ಸೆಕೆಂಡ್. ನಾದ ಸ್ಯಾಂಪಲ್‌ನಿಂದ (ನಿಜ ವಾದ್ಯದ ರೆಕಾರ್ಡಿಂಗ್) ಬಂದದ್ದಾದರೆ ತಂತಿಯ ನಾದ ಅಡಗುವುದು ರೆಕಾರ್ಡಿಂಗ್‌ನೊಳಗೇ ಇರುತ್ತದೆ; ಡಿಕೇಯಿಂದ ಅದನ್ನು ಮೊಟಕು ಮಾಡಬಹುದೇ ಹೊರತು ಹಿಗ್ಗಿಸಲಾಗದು.

ಇಷ್ಟಾದ ಮೇಲೆ ಬೇರೆ ನಾದದ ಬಟನ್ ಮುಟ್ಟುವ ಮೊದಲು ಸೇವ್ ಮಾಡಿ. ನಾದ ಬದಲಿಸಿದ ಕ್ಷಣ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ರಿಜಿಸ್ಟ್ರೇಶನ್ (ಸೆಟ್ಟಿಂಗ್ ಉಳಿಸಿಡುವ ಜಾಗ) ಅಥವಾ ಯೂಸರ್ ಮೆಮೊರಿಗೆ ಬರೆದು, ಕೀಬೋರ್ಡ್ ಆಫ್ ಮಾಡಿ ಆನ್ ಮಾಡಿ, ಅದನ್ನೇ ಕರೆದು ನೋಡಿ. ಕೆಲವು ಮಾದರಿಗಳಲ್ಲಿ ರಿಜಿಸ್ಟ್ರೇಶನ್ ವಾಲ್ಯೂಮ್, ಪ್ಯಾನ್ ಮಾತ್ರ ನೆನಪಿಟ್ಟು ನಾಬ್‌ನಿಂದ ಮಾಡಿದ ಅಟ್ಯಾಕ್, ರಿಲೀಸ್ ಬಿಟ್ಟುಬಿಡುತ್ತದೆ. ಹಾಗಿದ್ದರೆ ಆ ಸಂಖ್ಯೆಗಳನ್ನು ಹಾಡಿನ ಹಾಳೆಯ ಮೇಲೆಯೇ ಬರೆದಿಟ್ಟುಕೊಳ್ಳಿ.