ಸೋತ ಮರುದಿನದ ಪಂದ್ಯ

ಟೆನಿಸ್‌ನಲ್ಲಿ ಸೋತವರು ಕಿಟ್ ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ಗ್ರ್ಯಾನ್‌ಸ್ಲಾಮ್‌ನಲ್ಲೂ ಅಷ್ಟೇ, ವಾರವಾರದ ಟೂರ್ನಿಗಳಲ್ಲೂ ಅಷ್ಟೇ. ಆದರೆ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ಸೋತವರು ಕಂಚಿಗಾಗಿ ಮತ್ತೆ ಅಂಕಣಕ್ಕಿಳಿಯಬೇಕು. ಏಷ್ಯನ್ ಕ್ರೀಡಾಕೂಟದಲ್ಲಿ ಸೋತ ಇಬ್ಬರಿಗೂ ಕಂಚು ಸಿಗುತ್ತದೆ. ನಾನು ದೇಶದ ಪರವಾಗಿ ಮಹಿಳೆಯರ ಡಬಲ್ಸ್ ಆಡಿದ ಕೂಟದಲ್ಲಿ ಒಲಿಂಪಿಕ್ಸ್ ಮಾದರಿಯೇ ಇತ್ತು. ಸೋತ ಸಂಜೆಯಿಂದ ಮರುದಿನದ ಪಂದ್ಯದವರೆಗೆ ನಾವು ಏನು ಮಾಡಿದೆವು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಇದನ್ನು ನನಗೆ ಯಾವ ಕೋಚ್ ಕೂಡ ಕಲಿಸಿರಲಿಲ್ಲ.

ಸೆಮಿಫೈನಲ್ ನಿರ್ಣಾಯಕ ಟೈಬ್ರೇಕ್‌ನಲ್ಲಿ ಕೈತಪ್ಪಿತು. ಕ್ರೀಡಾಗ್ರಾಮಕ್ಕೆ ಮರಳುವ ಬಸ್‌ನಲ್ಲಿ ನನ್ನ ಜೊತೆಗಾತಿಯೂ ನಾನೂ ಒಂದು ಮಾತೂ ಆಡಲಿಲ್ಲ. ಊಟದ ಸಭಾಂಗಣದಲ್ಲಿ ನಮ್ಮ ದೇಶದ ಕುಸ್ತಿಪಟುವೊಬ್ಬಳು ಎದುರಿಗೆ ಬಂದು ಕುಳಿತಳು. ಅವಳೂ ಅದೇ ದಿನ ಸೆಮಿಫೈನಲ್ ಸೋತಿದ್ದಳು. ಕುಸ್ತಿಯಲ್ಲಿ ಒಂದು ತೂಕ ವಿಭಾಗದ ಸ್ಪರ್ಧೆ ಎರಡು ದಿನ ನಡೆಯುತ್ತದೆ; ಎರಡನೆಯ ದಿನ ಕಂಚಿಗಾಗಿ ಸೆಣಸುವವರು ಬೆಳಿಗ್ಗೆ ಮತ್ತೆ ತೂಕಕ್ಕೆ ನಿಲ್ಲಬೇಕು. ಹಾಗಾಗಿ ಅವಳ ತಟ್ಟೆಯಲ್ಲಿದ್ದ ತುತ್ತುಗಳನ್ನು ಎಣಿಸಬಹುದಿತ್ತು. ಅದನ್ನು ಮುಗಿಸಿ, ಮೈತುಂಬ ಬಟ್ಟೆ ಹೊದ್ದು ಬೆವರಿಳಿಸಲು ಹೊರಟಿದ್ದಳು. "ಅಳುವುದಕ್ಕೆ ನಾಳೆ ರಾತ್ರಿ ಇದೆಯಲ್ಲ ಅಕ್ಕಾ, ಈಗ ತೂಕ ಇಳಿಸಬೇಕು" ಎಂದಳು. ಅಷ್ಟು ದಿನ ಸಣ್ಣಪುಟ್ಟ ಟೂರ್ನಿಗಳಲ್ಲಿ ಒಂಟಿಯಾಗಿ ಓಡಾಡಿದ ನನಗೆ, ಬೇರೆ ಆಟದವರ ನಡುವೆ ಬದುಕುವುದರ ಬೆಲೆ ಆಗ ತಿಳಿಯಿತು. ಸೋತ ಮೇಲೆ ಕೈಗೆ ಕೆಲಸ ಬೇಕು. ಅವಳಿಗೆ ತೂಕವಿತ್ತು. ನಮಗೇನಿದೆ ಎಂದು ಹುಡುಕಿಕೊಂಡೆವು.

ಮೊದಲ ಕೆಲಸ ರ‍್ಯಾಕೆಟ್. ಸೆಮಿಫೈನಲ್ ಉರಿಬಿಸಿಲಿನಲ್ಲಿ ನಡೆದಿತ್ತು. ಕಂಚಿನ ಪಂದ್ಯ ಇದ್ದದ್ದು ಕತ್ತಲಾದ ಮೇಲೆ. ತಂಪು ಗಾಳಿಯಲ್ಲಿ ಚೆಂಡು ಅಷ್ಟು ಚಿಮ್ಮುವುದಿಲ್ಲ, ಎಷ್ಟು ಹೊಡೆದರೂ ಸರ್ವೀಸ್ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ಅದಕ್ಕೇ ತಂತಿಯ ಬಿಗಿತವನ್ನು 24 ಕಿಲೋದಿಂದ 23ಕ್ಕೆ ಇಳಿಸಲು ಹೇಳಿ ರ‍್ಯಾಕೆಟ್‌ಗಳನ್ನು ತಂತಿ ಹಾಕುವವರಿಗೆ ಒಪ್ಪಿಸಿದೆ. ತಂತಿ ಸಡಿಲವಾದಷ್ಟೂ ಚೆಂಡು ಆಳಕ್ಕೆ ಹೋಗುತ್ತದೆ.

ಎರಡನೆಯದು ಎದುರಾಳಿಗಳು. ನಮ್ಮ ಸೋಲಿನ ವಿಡಿಯೊ ನೋಡುವುದೇ ಬೇಡವೆಂದು ನಿಶ್ಚಯಿಸಿ, ಅವರು ಸೋತ ಸೆಮಿಫೈನಲ್ ನೋಡಿದೆವು. ಇಬ್ಬರಲ್ಲಿ ಒಬ್ಬಳು ಎಡಗೈ ಆಟಗಾರ್ತಿ. ಎಡಭಾಗದಲ್ಲಿ ರಿಟರ್ನ್ ಮಾಡುವವಳು ನಾನು. ಎಡಗೈಯವರ ಸ್ಲೈಸ್ ಸರ್ವ್, ಅಂದರೆ ಚೆಂಡನ್ನು ಪಕ್ಕಕ್ಕೆ ತಿರುಗಿಸುವ ಸರ್ವ್, ಆ ಭಾಗದಲ್ಲಿ ಬಿದ್ದೊಡನೆ ಬ್ಯಾಕ್‌ಹ್ಯಾಂಡ್‌ನಿಂದ ದೂರ ಜಾರುತ್ತದೆ; ಹಿಂದೆ ನಿಂತು ಕಾದರೆ ಪ್ರೇಕ್ಷಕರ ಕುರ್ಚಿಯವರೆಗೂ ಓಡಬೇಕಾದೀತು. ಆದ್ದರಿಂದ ಓರೆಯಾಗಿ ಮುಂದೆ ನುಗ್ಗಿ ಚೆಂಡು ಏಳುವಾಗಲೇ ತಡೆಯುವುದು, ನೆಟ್ ಬಳಿ ಇರುವವಳ ತಲೆಯ ಮೇಲಿಂದ ನೇರವಾಗಿ ಲಾಬ್ ಎತ್ತುವುದು ಎಂದು ಗೊತ್ತುಮಾಡಿಕೊಂಡೆವು. ಆಗ ಸರ್ವ್ ಮಾಡಿದವಳೇ ಅಡ್ಡಲಾಗಿ ಓಡಬೇಕಾಗುತ್ತದೆ. ಬೆಳಿಗ್ಗೆಯ ಅಭ್ಯಾಸದಲ್ಲಿ ಬೇರೇನನ್ನೂ ಮುಟ್ಟಲಿಲ್ಲ. ತಂಡದ ಎಡಗೈ ಆಟಗಾರನೊಬ್ಬ ಸಾಕುಸಾಕೆನಿಸುವಷ್ಟು ಸರ್ವ್ ಮಾಡಿಕೊಟ್ಟ. ಅವನ ಋಣ ದೊಡ್ಡದು.

2012ರ ಲಂಡನ್ ಒಲಿಂಪಿಕ್ಸ್‌ನ ಹುವಾನ್ ಮಾರ್ಟಿನ್ ಡೆಲ್ ಪೊಟ್ರೊ ನೆನಪಾದದ್ದು ಆಗಲೇ. ಸೆಮಿಫೈನಲ್‌ನಲ್ಲಿ ರೋಜರ್ ಫೆಡರರ್ ಎದುರು ನಾಲ್ಕು ಗಂಟೆ 26 ನಿಮಿಷ ಹೋರಾಡಿ, ಮೂರನೆಯ ಸೆಟ್ಟನ್ನು 17–19ರಲ್ಲಿ ಕಳೆದುಕೊಂಡ ಆತ, ಕಂಚಿನ ಪಂದ್ಯದಲ್ಲಿ ನೊವಾಕ್ ಜೊಕೊವಿಚ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದ. ನನ್ನ ಮಟ್ಟಿಗೆ ಟೆನಿಸ್‌ನ ಅತಿ ದೊಡ್ಡ ಗೆಲುವುಗಳಲ್ಲಿ ಅದೂ ಒಂದು. ಫೈನಲ್‌ಗಳನ್ನು ಕೊಂಡಾಡುವ ನಾವು ಅಂಥ ಪಂದ್ಯಗಳನ್ನು ಬೇಗ ಮರೆತುಬಿಡುತ್ತೇವೆ.

ನಾವು ಮೊದಲ ಸೆಟ್ ಸೋತೆವು, ಎರಡನೆಯದನ್ನು ಗೆದ್ದೆವು. ಮೂರನೆಯ ಸೆಟ್ ಬದಲು ಹತ್ತು ಅಂಕಗಳ ಟೈಬ್ರೇಕ್. ಎಡಗೈ ಆಟಗಾರ್ತಿ ಅದೇ ಸರ್ವ್ ಹಾಕಿದಳು, ನಾನು ಅದೇ ಲಾಬ್ ಎತ್ತಿದೆ. ಅವಳು ಓಡಿ ಮುಟ್ಟಿದಳಾದರೂ ಚೆಂಡು ನೆಟ್ ದಾಟಲಿಲ್ಲ. ಎದುರಾಳಿಯ ಸರ್ವ್‌ನಲ್ಲಿ ಗಳಿಸಿದ ಆ ಅಂಕದ ಮುನ್ನಡೆಯನ್ನು (ಮಿನಿ ಬ್ರೇಕ್) ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಗೆದ್ದೊಡನೆ ಉದ್ದೀಪನ ಮದ್ದು ಪರೀಕ್ಷೆಯ ಸಹಾಯಕಿ ನೆರಳಿನಂತೆ ಬೆನ್ನಿಗೆ ಬಂದಳು. ಮಾದರಿ ಕೊಡುವವರೆಗೆ ಅವಳ ಕಣ್ಣಳತೆ ದಾಟುವಂತಿಲ್ಲ. ಕನಿಷ್ಠ 90 ಮಿಲಿಲೀಟರ್ ಮೂತ್ರ ಬೇಕು; ಅಷ್ಟು ಬೆವರು ಹರಿಸಿದವರಿಗೆ ಅದೇನೂ ಸುಲಭವಲ್ಲ. ಕುಸ್ತಿಪಟುವಿನ ಪಂದ್ಯ ಏನಾಯಿತೆಂದು ವಿಚಾರಿಸಿದ್ದು ಆ ಕಾಯುವ ಕೋಣೆಯಲ್ಲಿ ಕುಳಿತೇ. ಅವಳೂ ಗೆದ್ದಿದ್ದಳು.

ಒಲಿಂಪಿಕ್ಸ್ ಟೆನಿಸ್‌ಗೂ 2016ರಿಂದ ರ‍್ಯಾಂಕಿಂಗ್ ಅಂಕಗಳಿಲ್ಲ, ನಮ್ಮ ಕೂಟದಲ್ಲೂ ಇರಲಿಲ್ಲ. ಆದರೂ ನಾನು ಆಡಿದ ಪಂದ್ಯಗಳಲ್ಲಿ ಅತ್ಯಂತ ದೊಡ್ಡದು ಅದೇ. ಕಿರಿಯ ಆಟಗಾರ್ತಿಯರು ಇಂಥ ಕೂಟಕ್ಕೆ ಹೊರಟಾಗ ನಾನು ಮೊದಲು ಕೇಳುವುದು, ಕಂಚಿಗೆ ಪಂದ್ಯ ಉಂಟೇ, ಸೆಮಿಫೈನಲ್ ಮುಗಿದ ಎಷ್ಟು ಹೊತ್ತಿಗೆ, ಬಿಸಿಲಿಗೋ ದೀಪದ ಬೆಳಕಿಗೋ ಎಂದು. ಯಾರಿಗೆ ಯಾರು ಎದುರಾಳಿ ಎಂಬ ಡ್ರಾ ಪ್ರಕಟವಾದ ದಿನವೇ ಅದನ್ನು ಬರೆದಿಟ್ಟುಕೊಳ್ಳಲು ಹೇಳುತ್ತೇನೆ.