ವರ್ಕೆಡ್, ಹೆಲ್ಪೆಡ್ ಬಿಡಿಸೋಕೆ ನಾನು ಹಿಡಿದ ದಾರಿ

ದಾವಣಗೆರೆಯಲ್ಲಿ ನನ್ನ ಸಂಜೆ ಬ್ಯಾಚಿಗೆ ಬರೋರಲ್ಲಿ ಹೆಚ್ಚಿನೋರು ಕನ್ನಡ ಮೀಡಿಯಂನಲ್ಲಿ ಓದಿ, ಡಿಗ್ರಿ ಮುಗಿಸ್ಕೊಂಡು ಇಂಟರ್‌ವ್ಯೂಗೆ ರೆಡಿ ಆಗ್ತಿರೋರು. ಅವ್ರ ಸೆಲ್ಫ್ ಇಂಟ್ರೊಡಕ್ಷನ್ ಕೇಳಿದ್ರೆ ಸಾಕು, ಪಾಠ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗಿಬಿಡುತ್ತೆ. ಪಾಸ್ಟ್ ಟೆನ್ಸ್ ಕ್ರಿಯಾಪದದ ಕೊನೇಲಿರೋ ed ಎಲ್ಲಿ ಬಂದ್ರೂ ಎಡ್ ಅಂತಾರೆ: ಪಾಸೆಡ್, ಫಿನಿಶೆಡ್, ವರ್ಕೆಡ್, ಹೆಲ್ಪೆಡ್. ಬರೆದಿದ್ದನ್ನೆಲ್ಲ ಓದೋದು ಕನ್ನಡದೋರ ಅಭ್ಯಾಸ, ಕೊನೇಲಿ ಇ, ಡಿ ಎರಡೂ ಕಾಣ್ತಾವೆ, ಓದ್ತಾರೆ, ಅದ್ರಲ್ಲಿ ದಡ್ಡತನ ಏನೂ ಇಲ್ಲ. ಇಂಗ್ಲಿಷ್‌ನೋರೂ ಒಂದು ಕಾಲಕ್ಕೆ ಅದನ್ನ ಪೂರ್ತಿ ಹೇಳ್ತಿದ್ದೋರೇ, ಬರ್ತಾ ಬರ್ತಾ ಆ ಸ್ವರ ನುಂಗಿದ್ರು, 1712ರಲ್ಲಿ ಗಲಿವರ್ ಕಥೆ ಬರೆದ ಜೊನಾಥನ್ ಸ್ವಿಫ್ಟ್ ಹಿಂಗೆ ನುಂಗಿ ನುಂಗಿ ಭಾಷೆ ಕೆಡಿಸ್ತಿದಾರೆ ಅಂತ ಗೊಣಗಿದ್ದ. ಇದನ್ನ ಕ್ಲಾಸಲ್ಲಿ ಹೇಳಿದ್ರೆ ಹುಡುಗ್ರಿಗೆ ಅರ್ಧ ಭಯ ಹೋಗುತ್ತೆ.

ಗ್ರಾಮರ್ ಪುಸ್ತಕದಲ್ಲಿ ವಾಯ್ಸ್ಡ್ (ಗಂಟಲು ಅದುರೋ ಸದ್ದು), ವಾಯ್ಸ್‌ಲೆಸ್ (ಅದುರದ ಸದ್ದು) ಅಂತ ಒಂದು ಟೇಬಲ್ ಇರುತ್ತೆ. ನಾನು ಅದನ್ನ ತೆಗೆಯೋದೇ ಇಲ್ಲ. ಬೋರ್ಡ್ ಮೇಲೆ ಕ ಚ ಟ ತ ಪ ಅಂತ ಒಂದು ಸಾಲು, ಅದರ ಕೆಳಗೆ ಗ ಜ ಡ ದ ಬ ಬರೀತೀನಿ, ಅಷ್ಟೇ. ಕ್ರಿಯಾಪದ ಮೊದಲನೇ ಸಾಲಿನ ಸದ್ದಲ್ಲಿ ಮುಗಿದ್ರೆ ed ಅನ್ನೋದು ಟ್: ವರ್ಕ್‌ಟ್, ವಾಚ್‌ಟ್, ಹೆಲ್ಪ್‌ಟ್. ಇದೇ ಗುಂಪಿಗೆ ಸ, ಶ, ಫ ಸೇರ್ತಾವೆ: ಪಾಸ್ಟ್, ವಾಶ್ಟ್, ಲಾಫ್ಟ್. ಎರಡನೇ ಸಾಲಾದ್ರೆ ಡ್: ಬೆಗ್ಡ್, ಚೇಂಜ್ಡ್, ರಾಬ್ಡ್, ಸ್ವರ ಇದ್ರೂ, ನ ಮ ಲ ವ ಇದ್ರೂ ಅದೇ: ಪ್ಲೇಡ್, ಜಾಯಿನ್ಡ್, ಕಾಲ್ಡ್, ಲಿವ್ಡ್. ಟ, ಡ ಎರಡು ಸದ್ದಿಗೆ ಮಾತ್ರ ಪೂರ್ತಿ ಇಡ್: ವಾಂಟಿಡ್, ನೀಡಿಡ್, ಕಂಪ್ಲೀಟಿಡ್. ಟ ಮೇಲೆ ಇನ್ನೊಂದು ಟ್ ಹೇರಿದ್ರೆ ಕೇಳ್ಸೋದಿಲ್ಲ ನೋಡಿ, ಅದಕ್ಕೆ ಮಧ್ಯೆ ಒಂದು ಸ್ವರ ಬೇಕು. ಕೊನೇ ಅಕ್ಷರ ನೋಡ್ಬೇಡಿ, ಕೊನೇ ಸದ್ದು ಕೇಳಿ ಅಂತ ಮಾತ್ರ ಪದೇ ಪದೇ ಹೇಳ್ಬೇಕಾಗುತ್ತೆ, ಲಾಫ್ ಸ್ಪೆಲಿಂಗಲ್ಲಿ ಜಿ, ಎಚ್ ಇದ್ರೂ ಬಾಯಲ್ಲಿ ಬರೋದು ಫ ತಾನೆ.

ಒಂದು ಸಲ ಹಿಂದಿನ ಬೆಂಚಿನ ಹುಡುಗಿ, ‘ಮಿಸ್, ಇದು ಆದೇಶ ಸಂಧಿ ಥರಾನೇ ಆಯ್ತಲ್ಲ’ ಅಂದ್ಲು. ಮಳೆ ಕಾಲ ಮಳೆಗಾಲ ಆಗೋದು, ಬೆಟ್ಟ ತಾವರೆ ಬೆಟ್ಟದಾವರೆ ಆಗೋದು. ಹಿಂದಿನ ಸದ್ದಿನ ಗಾಳಿಗೆ ಮುಂದಿನದು ವಾಲೋದು ಎರಡೂ ಕಡೆ ಒಂದೇ. ಆಮೇಲಿಂದ ನಾನೇ ಸಂಧಿಯಿಂದ ಶುರು ಮಾಡ್ತೀನಿ. ಇನ್ನೂ ಯಾರಾದ್ರೂ ಇದೆಲ್ಲ ಹೆಂಗ್ ನೆನಪಿಡೋದು ಅಂದ್ರೆ, ಮರೆತ ಅಂತೀವಿ, ಕರೆದ ಅಂತೀವಿ, ಒಂದ್ಕಡೆ ತ ಒಂದ್ಕಡೆ ದ ಯಾಕೆ ಅಂತ ಯಾವತ್ತಾದ್ರೂ ಕೇಳಿದ್ರಾ, ಇಂಗ್ಲಿಷಿನದ್ದಕ್ಕಾದ್ರೂ ಒಂದು ಲೆಕ್ಕ ಇದೆ ಅಂತೀನಿ.

ನಿಜವಾದ ಕಷ್ಟ ಇರೋದು ಬೇರೆ ಕಡೆ. ರೂಲ್ ತಲೆಗೆ ಹೋದ್ಮೇಲೂ ಬಾಯಲ್ಲಿ ವರ್ಕ್‌ಟು, ಹೆಲ್ಪ್‌ಟು ಬರುತ್ತೆ. ಬಸ್ಸು, ಕಾರು, ಬೋರ್ಡು ಅಂತ ಎಲ್ಲದಕ್ಕೂ ಉಕಾರ ಅಂಟಿಸೋ ನಾಲಿಗೆ ಅದು, ಎರಡು ವ್ಯಂಜನ ಒತ್ತೊತ್ತಾಗಿ ಬಂದು ಅಲ್ಲೇ ಮುಗಿಯೋದು ಅದಕ್ಕೆ ಒಗ್ಗಲ್ಲ. ಹಂಗಾಗಿ ಒಂಟಿ ಪದ ಹೇಳ್ಸೋದನ್ನೇ ಬಿಟ್ಟೆ. ಸ್ವರದಿಂದ ಶುರುವಾಗೋ ಪದ ಅದರ ಮುಂದೆ ಸೇರಿಸಿ ಕೊಡ್ತೀನಿ. ವರ್ಕ್ಡ್ ಇನ್ ಎ ಬ್ಯಾಂಕ್ ಅನ್ನೋದನ್ನ ಬೋರ್ಡಲ್ಲಿ ‘ವರ್ಕ್ ಟಿನ ಬ್ಯಾಂಕ್’ ಅಂತ ಒಡೆದು ಬರೀತೀನಿ, ಹೆಲ್ಪ್ಡ್ ಅಸ್ ಅನ್ನೋದು ‘ಹೆಲ್ಪ್ ಟಸ್’, ಜಾಯಿನ್ಡ್ ಎ ಕಂಪ್ನಿ ಅಂದ್ರೆ ‘ಜಾಯಿನ್ ಡ ಕಂಪ್ನಿ’. ನಾಲಿಗೆಗೆ ಬೇಕಿದ್ದ ಸ್ವರ ಮುಂದಿನ ಪದದಿಂದ ಸಿಕ್ಕಿಬಿಡುತ್ತೆ, ಉಕಾರ ತಾನಾಗೇ ಉದುರುತ್ತೆ. ಇದು ಚೆನ್ನಾಗಿ ಕೂತ್ಮೇಲೆ ಹೆಲ್ಪ್ಡ್ ಮಿ ಥರದ್ದು, ಅಲ್ಲಿ ಟ್ ಅರೆಬರೆ ಕೇಳಿಸಿದ್ರೂ ಸಾಕು, ಇಂಗ್ಲಿಷ್‌ನೋರ ಮಾತಲ್ಲೂ ಅದು ಅರೆಬರೆನೇ.

ಇನ್ನೊಂದು ಗಂಟು ಅಂದ್ರೆ ಕ್ಲೋಸ್ಡ್, ಯೂಸ್ಡ್. ಅಲ್ಲಿರೋದು ಸ ಅಲ್ಲ, ಜ಼. ನಮ್ಮ ವರ್ಣಮಾಲೆಯಲ್ಲಿ ಅದಿಲ್ಲ, ಹಾಗಾಗಿ ಕ್ಲೋಸ್ಟ್ ಆಗುತ್ತೆ. ಗಂಟಲ ಮೇಲೆ ಬೆರಳಿಟ್ಟು ಸ್‌ಸ್‌ಸ್ ಅನ್ನಿ, ಆಮೇಲೆ ಹಂಗೇ ದನಿ ಸೇರಿಸಿ ಅಂತೀನಿ, ಬೆರಳಿಗೆ ಗುಂಯ್ ಅನ್ನುತ್ತಲ್ಲ ಅದೇ ಜ಼. ಅದೇ ಯೂಸ್ಡ್ ಟು ಅಂತ ಹಳೇ ಅಭ್ಯಾಸ ಹೇಳೋವಾಗ ಮಾತ್ರ ಯೂಸ್ಟು, ಅಲ್ಲಿ ಗುಂಯ್ ಇಲ್ಲ. ನೇಕಿಡ್, ವಿಕಿಡ್ ಥರ ಇಡ್ ಉಳಿಸ್ಕೊಂಡಿರೋ ಗುಣವಾಚಕಗಳನ್ನ ಯಾರಾದ್ರೂ ಕೇಳಿದ್ರಷ್ಟೇ ಹೇಳೋದು.

ಟ್ ಬದ್ಲು ಡ್ ಬಂದ್ರೆ ನಾನು ತಿದ್ದೋದೂ ಇಲ್ಲ, ಇಂಟರ್‌ವ್ಯೂ ಮಾಡೋರಿಗೂ ಗೊತ್ತಾಗಲ್ಲ. ಕಿವಿಗೆ ಹೊಡಿಯೋದು ವರ್ಕೆಡ್, ಇನ್ನೊಂದು ಪೂರ್ತಿ ನುಂಗಿ ಲಾಸ್ಟ್ ಇಯರ್ ಐ ವರ್ಕ್ ಅನ್ನೋದು, ಅದಂತೂ ಗ್ರಾಮರ್ರೇ ಬರಲ್ಲ ಅನ್ನೋ ಹಂಗೆ ಕೇಳುತ್ತೆ. ದಿನಾ ರಾತ್ರಿ ಇವತ್ತೇನೇನ್ ಮಾಡಿದೆ ಅಂತ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳ್ಸೋಕೆ ಹೇಳಿರ್ತೀನಿ, ಈ ಎರಡು ಎಲ್ಲೆಲ್ಲಿ ಬಂದ್ವೋ ಅಷ್ಟು ಪದ ಮಾತ್ರ ಟೈಪ್ ಮಾಡಿ ವಾಪಸ್ ಹಾಕ್ತೀನಿ.