ನಮ್ಮ ಮನೆಯವರಿಗೆ ಕ್ರಿಸ್‌ಮಸ್‌ಗೆ ಏನು ಕೊಡಲಿ?

"ನನಗೇನೂ ಬ್ಯಾಡ, ಎಲ್ಲಾ ಐತಿ."

ಮದುವೆಯಾಗಿ 22 ವರ್ಷ ಆಯಿತು. ಪ್ರತಿ ಡಿಸೆಂಬರ್‌ನಲ್ಲೂ ನಮ್ಮ ಮನೆಯವರದು ಇದೇ ಮಾತು. ಅವರು ಗದಗ-ಬೆಟಗೇರಿಯವರು, ನಾನು ಉಡುಪಿಯವಳು. ಮನೆ ಮುಂಬೈ ಪಕ್ಕದ ಭಾಯಂದರ್‌ನಲ್ಲಿ. ಅವರ ಆಫೀಸು ದಕ್ಷಿಣ ಮುಂಬೈಯ ಫೋರ್ಟ್‌ನಲ್ಲಿ. ಲೋಕಲ್ ರೈಲಿನಲ್ಲಿ ಅದರ ಹತ್ತಿರದ ಚರ್ಚ್‌ಗೇಟ್ ಸ್ಟೇಷನ್‌ಗೆ ಹೋಗಲು ಒಂದು ಗಂಟೆಗೂ ಜಾಸ್ತಿ ಬೇಕು, ವಾಪಸ್ ಬರಲು ಅಷ್ಟೇ. ಅವರಿಗೆ ಬೇಕಾದದ್ದು ನಿಜವಾಗಿಯೂ ಕಡಿಮೆ. ಹಾಗಾಗಿಯೇ ಉಡುಗೊರೆ ಆರಿಸುವುದು ನನಗೆ ಕಷ್ಟ.

2022ರ ಕ್ರಿಸ್‌ಮಸ್‌ಗೆ ಎಷ್ಟು ಹೆಜ್ಜೆ ನಡೆದೆವು ಎಂದು ಎಣಿಸುವ ಕೈಪಟ್ಟಿ ತಂದೆ. ಮೂರು ತಿಂಗಳು ಕೂಡಿಟ್ಟ ದುಡ್ಡು ಅದಕ್ಕೆ ಹೋಯಿತು. "ಚಲೋ ಐತಿ" ಎಂದರು. ನಾಲ್ಕು ದಿನ ಕಟ್ಟಿಕೊಂಡರು. ಐದನೇ ದಿನ ಅದು ಡಬ್ಬಿಗೆ ಹೋಯಿತು, ಡಬ್ಬಿ ಕಪಾಟಿಗೆ. ನನಗೆ ತುಂಬಾ ಬೇಜಾರಾಯಿತು. ಆಮೇಲೆ ಕೂತು ಯೋಚಿಸಿದೆ. ಅವರು ಇನ್ನಷ್ಟು ನಡೆಯಬೇಕು ಅನ್ನುವುದು ನನ್ನ ಆಸೆ. ಅದನ್ನೇ ಡಬ್ಬಿಯಲ್ಲಿ ಹಾಕಿ ಅವರ ಕೈಗೆ ಕೊಟ್ಟಿದ್ದೆ. ಅದಕ್ಕೂ ಮುಂಚೆ ಕೊಟ್ಟ ಸೆಂಟ್, ತಿಳಿ ಬಣ್ಣದ ಶರ್ಟು, ಎಲ್ಲವೂ ಹಾಗೆಯೇ. ಅವರು ಹೇಗಿರಬೇಕು ಅಂತ ನಾನು ಅಂದುಕೊಂಡಿದ್ದೆನೋ ಆ ಗಂಡನಿಗೆ ತಂದ ವಸ್ತುಗಳು.

2024ರಲ್ಲಿ ಬೇರೆ ರೀತಿ ಮಾಡಿದೆ. ದೊಡ್ಡದು ಒಂದೂ ಬೇಡ, ಚಿಕ್ಕ ಚಿಕ್ಕವು ಐದಾರು ಇರಲಿ, ಎಲ್ಲ ಸೇರಿ 1,500 ರೂಪಾಯಿ ದಾಟಬಾರದು ಅಂತ ತೀರ್ಮಾನಿಸಿದೆ. ಕೆಲಸ ಶುರು ಮಾಡಿದ್ದು ಜೂನ್‌ನಲ್ಲಿ, ಮಳೆ ಹಿಡಿದಾಗ.

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಕನ್ನಡದ ಕಾಲನಿರ್ಣಯ ತೂಗುತ್ತದೆ. 1973ರಲ್ಲಿ ಇದೇ ಮುಂಬೈಯಲ್ಲಿ ಮರಾಠಿಯಲ್ಲಿ ಶುರುವಾದ ಕ್ಯಾಲೆಂಡರ್ ಅದು. ತಾರೀಖಿನ ಚೌಕದಲ್ಲಿ ನಾನು ಹಾಲಿನ ಲೆಕ್ಕ ಬರೆಯುತ್ತೇನೆ. ಅದರ ಪಕ್ಕದಲ್ಲೇ ಒಂದೊಂದು ಅಕ್ಷರ ಬರೆಯತೊಡಗಿದೆ. ಇವರು ಸುಮ್ನೆ ಮಾತಿನ ನಡುವೆ ಏನಾದರೂ ಗೊಣಗಿದರೆ ಅದಕ್ಕೊಂದು ಅಕ್ಷರ. ಗಡಿಯಾರಕ್ಕೆ 'ಗ', ಕನ್ನಡಕಕ್ಕೆ 'ಕ'. ಅವರು ನೋಡಿದರೂ ಹಾಲಿನ ಲೆಕ್ಕ ಅಂದುಕೊಳ್ಳುತ್ತಿದ್ದರು.

'ಏನು ಬೇಕು' ಅಂತ ಕೇಳಿದರೆ 'ಏನೂ ಬೇಡ' ಅನ್ನುವ ಮನುಷ್ಯ, ಕೇಳದೇ ಇದ್ದಾಗ ಎಷ್ಟೋ ಹೇಳುತ್ತಾರೆ. ಬೆಳಿಗ್ಗೆ ಏಳೂವರೆಗೆ ಬಾಗಿಲಲ್ಲಿ ಶೂ ಕಟ್ಟಿಕೊಳ್ಳುವಾಗ ಹೇಳುತ್ತಾರೆ. ರಾತ್ರಿ ಊಟದ ತಟ್ಟೆ ಮುಂದೆ ಹೇಳುತ್ತಾರೆ. ಯಾವುದಕ್ಕೆ ದಾರ ಕಟ್ಟಿ, ಟೇಪ್ ಸುತ್ತಿ ನಡೆಸುತ್ತಿದ್ದಾರೆ ಅಂತಲೂ ಕಣ್ಣಿಟ್ಟು ನೋಡಿದೆ. ನವೆಂಬರ್ ಕೊನೆಗೆ 14 ಅಕ್ಷರ ಸೇರಿದ್ದವು. ಮನೆಗೆ ಹೇಗೂ ತರಲೇಬೇಕಾದವನ್ನು ಬಿಟ್ಟೆ. ಬಕೆಟ್, ಬಲ್ಬು ಉಡುಗೊರೆ ಆಗುವುದಿಲ್ಲ, ಅಲ್ವಾ? ಅವರೊಬ್ಬರೇ ಬಳಸುವ ವಸ್ತುಗಳನ್ನು ಮಾತ್ರ ಇಟ್ಟುಕೊಂಡೆ.

ಮೊದಲನೆಯದು ಗಡಿಯಾರದ ಪಟ್ಟಿ. ಇವರು ಕಟ್ಟುವುದು ನಮ್ಮ ಮಾವನವರ ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಮಾಡಲು ಶುರು ಮಾಡಿತು. ಜನತಾ ಕೀಲಿ ಕೊಡುವ ಗಡಿಯಾರ, ಬ್ಯಾಟರಿ ಇಲ್ಲ. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಕೀಲಿ ಕೊಡುತ್ತಾರೆ. ಕೈಪಟ್ಟಿ ಕಪಾಟು ಸೇರಿದ್ದು ಯಾಕೆ ಅಂತ ನನಗೆ ಆಗಲೇ ಹೊಳೆಯಬೇಕಿತ್ತು. ಆ ಕೈಯಲ್ಲಿ ಅವರ ಅಪ್ಪ ಇದ್ದರು.

ಜುಲೈಯಲ್ಲಿ ಪಟ್ಟಿಯ ಒಂದು ತೂತು ಹರಿಯಿತು. ದಾದರ್ ಸ್ಟೇಷನ್ ಹತ್ತಿರ ಅಂದಾಜಿನಲ್ಲಿ ಒಂದು ಪಟ್ಟಿ ತಂದೆ. 20 ಮಿಲಿಮೀಟರ್‌ದು, ಗಡಿಯಾರಕ್ಕೆ ಕೂರಲೇ ಇಲ್ಲ. ಪಟ್ಟಿ ಕೂರುವ ಎರಡು ಕೊಂಬುಗಳ ನಡುವಿನ ಜಾಗವನ್ನು ಒಳಗಿನಿಂದ ಅಳೆಯಬೇಕು. ಅವರು ಸ್ನಾನಕ್ಕೆ ಹೋದಾಗ ಮಗಳ ಸ್ಕೇಲ್ ಇಟ್ಟು ಅಳೆದೆ, 18 ಇತ್ತು. ಎರಡನೇ ಸಲ ಅಂಗಡಿಯವರು ಒಂದು ಒಳ್ಳೆಯ ಮಾತು ಹೇಳಿದರು. ಮುಂಬೈ ಮಳೆಗೆ ಚರ್ಮ ಬೂಸ್ಟು ಹಿಡಿಯುತ್ತದೆ, ಬೆವರಿಗೆ ಬಿರಿಯುತ್ತದೆ, ಮಳೆಗಾಲಕ್ಕೆ ನೈಲಾನ್ ಕಟ್ಟಿ, ದಸರಾ ಕಳೆದ ಮೇಲೆ ಚರ್ಮ ಕಟ್ಟಿ ಅಂದರು. ಎರಡೂ ತಂದೆ, ಜೊತೆಗೆ ಎರಡು ಸ್ಪ್ರಿಂಗ್ ಪಿನ್ನು. ಹಳೆಯ ಪಿನ್ನು ತುಕ್ಕು ಹಿಡಿದಿದ್ದರೆ ಹೊಸ ಪಟ್ಟಿ ಹಾಕಿಯೂ ಗಡಿಯಾರ ರೈಲಿನಲ್ಲಿ ಕಳಚಿ ಬೀಳಬಹುದು.

ಎರಡನೆಯದು ಗುರೆಳ್ಳು ಚಟ್ನಿಪುಡಿ. ಉಡುಪಿಯ ನನಗೆ ಮದುವೆಗೆ ಮುಂಚೆ ಗುರೆಳ್ಳು ಅಂದರೆ ಏನೆಂದೇ ಗೊತ್ತಿರಲಿಲ್ಲ. ಎಳ್ಳಿನಂಥ ಕಪ್ಪು ಕಾಳು ಅದು. ಹುಚ್ಚೆಳ್ಳು ಅಂತಲೂ ಅನ್ನುತ್ತಾರೆ, ಇಲ್ಲಿನ ಮರಾಠಿಯವರು ಕಾರಳೆ ಅನ್ನುತ್ತಾರೆ. ಕಾರಳೆ ಚಟ್ನಿ ಇಲ್ಲೂ ಸಿಗುತ್ತದೆ. ಆದರೆ ಇವರು ಒಂದು ತುತ್ತು ತಿಂದು, "ನಮ್ಮಕ್ಕನ ಕೈದು ಬ್ಯಾರೆ" ಎಂದು ಸುಮ್ಮನಾದರು. ಸೆಪ್ಟೆಂಬರ್ 3ರ ಚೌಕದಲ್ಲಿ 'ಗು' ಅಂತ ಬರೆದೆ. ಡಿಸೆಂಬರ್‌ನಲ್ಲಿ ಬೆಟಗೇರಿಗೆ ಫೋನ್ ಮಾಡಿದೆ. ಇವರ ಅಕ್ಕ ಕಾಲು ಕಿಲೋ ಕುಟ್ಟಿ, ರಾತ್ರಿ ಬಸ್ಸಿಗೆ ಬರುತ್ತಿದ್ದ ಪರಿಚಯದವರ ಕೈಯಲ್ಲಿ ಕಳಿಸಿಕೊಟ್ಟರು. "ತಮ್ಮಗ ಹೇಳಬ್ಯಾಡವಾ, ತಗದ ಮ್ಯಾಲೆ ಗೊತ್ತಾಗ್ಲಿ" ಅಂದರು. ದುಡ್ಡು ಖರ್ಚಾಗಲಿಲ್ಲ. ಇಡೀ ಉಡುಗೊರೆಯಲ್ಲಿ ಮೊದಲು ಖಾಲಿಯಾದದ್ದು ಅದೇ.

ಉಳಿದವನ್ನು ಕ್ರಾಫರ್ಡ್ ಮಾರ್ಕೆಟ್ ಸುತ್ತ ತಂದೆ. 1869ರ ಕಟ್ಟಡ, ಈಗ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಯಿ ಅಂತ ಹೆಸರು. ನಮ್ಮ ವೆಸ್ಟರ್ನ್ ಲೈನಿನವರು ಮರೀನ್ ಲೈನ್ಸ್‌ನಲ್ಲಿ ಇಳಿದು ನಡೆದೇ ಹೋಗಬಹುದು. ಡಿಸೆಂಬರ್ ಎರಡನೇ ವಾರ ದಾಟಿದರೆ ಕಾಲಿಡಲು ಜಾಗ ಇರುವುದಿಲ್ಲ. ನಾನು ಮೊದಲ ವಾರದಲ್ಲೇ ಹೋದೆ, ಅದೂ ಮಂಗಳವಾರ ಬೆಳಿಗ್ಗೆ. ಅಬ್ದುಲ್ ರೆಹಮಾನ್ ಸ್ಟ್ರೀಟ್‌ನಲ್ಲಿ ಅವರ ಪೆನ್ನಿಗೆ ಕ್ಯಾಮ್ಲಿನ್ ನೀಲಿ ಇಂಕ್ ಕೊಂಡೆ. 1931ರಲ್ಲಿ ಇದೇ ಊರಿನಲ್ಲಿ ದಾಂಡೇಕರ್ ಸಹೋದರರು ಇಂಕಿನ ಪುಡಿಯಿಂದ ಶುರು ಮಾಡಿದ ಕಂಪನಿ. ಇವರು ಲೆಕ್ಕದ ಪುಸ್ತಕಕ್ಕೆ ಬೇರೆ ಇಂಕ್ ಹಾಕುವುದಿಲ್ಲ. ಪಿನ್ನು ಚುಚ್ಚಿ ನಡೆಸುತ್ತಿದ್ದ ಕನ್ನಡಕಕ್ಕೆ ಚಿಕ್ಕ ಸ್ಕ್ರೂಡ್ರೈವರ್ ಸೆಟ್ ಮತ್ತು ಸಣ್ಣ ಸ್ಕ್ರೂಗಳ ಡಬ್ಬಿ. ಆರು ದೊಡ್ಡ ಹತ್ತಿ ಕರ್ಚೀಫು. ಮಂಗಲದಾಸ್ ಮಾರ್ಕೆಟ್‌ನಲ್ಲಿ ಅರ್ಧ ಮೀಟರ್ ಕೆಂಪು ಬಟ್ಟೆ ತಂದು, ಇವನ್ನೆಲ್ಲ ತುಂಬಲು ಮೊಣಕಾಲುದ್ದದ ಕ್ರಿಸ್‌ಮಸ್ ಕಾಲುಚೀಲ ನಾನೇ ಹೊಲಿದೆ.

ಆ ಕಾಲುಚೀಲದ ತುದಿಗೆ ಒಂದು ನಾಗ್ಪುರದ ಕಿತ್ತಳೆ ಹಾಕಿದೆ. ಅದಕ್ಕೆ ಕಾರಣ ಇದೆ. ನಾನು ಚರ್ಚ್‌ನಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಈಗಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪ್ ಸಂತ ನಿಕೋಲಸ್‌ನ ಕಥೆಯನ್ನು ಡಿಸೆಂಬರ್ 6ರ ಹೊತ್ತಿಗೆ ಹೇಳುತ್ತೇನೆ. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆ ಆತ ರಾತ್ರಿ ಗುಟ್ಟಾಗಿ ಚಿನ್ನ ಎಸೆದನಂತೆ. ಒಣಹಾಕಿದ್ದ ಕಾಲುಚೀಲದೊಳಗೆ ಅದು ಬಿತ್ತಂತೆ. ಆ ಚಿನ್ನದ ಉಂಡೆಯ ನೆನಪಿಗೆ ಕಾಲುಚೀಲದಲ್ಲಿ ಕಿತ್ತಳೆ ಹಾಕುತ್ತಾರೆ. ಕೊಟ್ಟವರು ಯಾರೆಂದು ಗೊತ್ತಾಗದ ಹಾಗೆ, ಬೇಕಾದದ್ದನ್ನೇ ಕೊಟ್ಟರಲ್ಲ, ಆ ಕಥೆ ನನಗೆ ತುಂಬಾ ಇಷ್ಟ. ನಮ್ಮ ಮುಂಬೈಯಲ್ಲಿ ಡಿಸೆಂಬರ್ ಎಂದರೆ ಗಾಡಿ ತುಂಬಾ ನಾಗ್ಪುರದ ಕಿತ್ತಳೆ. ಬೇರೆ ಚಿನ್ನ ಯಾಕೆ?

ಪ್ರತಿಯೊಂದನ್ನೂ ಹಳೆಯ ಕನ್ನಡ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದೆ. ದಾರಕ್ಕೆ ಒಂದು ಚೀಟಿ. ಕ್ಯಾಲೆಂಡರ್ ನೋಡಿಕೊಂಡು ತಾರೀಖು ಬರೆದೆ: "ಜುಲೈ 14, ರವಿವಾರ. ಗಡಿಯಾರ ಇನ್ನು ಜೇಬಿನಾಗ ಇಡಬೇಕು ಅಂದಿರಿ." "ಸೆಪ್ಟೆಂಬರ್ 3. ನಮ್ಮಕ್ಕನ ಕೈದು ಬ್ಯಾರೆ ಅಂದಿರಿ." ಚೀಟಿ ಬರೆಯುವುದನ್ನು ಮಾತ್ರ ಬಿಡಬೇಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಚೀಟಿ ಇಲ್ಲದಿದ್ದರೆ ಅದು ಅಂಗಡಿಯಿಂದ ತಂದ ಪಟ್ಟಿ, ಇಂಕ್ ಅಷ್ಟೇ.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಚರ್ಚ್‌ನಿಂದ ಬಂದ ಮೇಲೆ ಕೊಟ್ಟೆ. ಗಡಿಯಾರದ ಚೀಟಿ ಓದಿ, "ನಾ ಇದನ್ನ ಯಾವಾಗ ಅಂದಿದ್ದೆ?" ಅಂದರು. ಕ್ಯಾಲೆಂಡರ್ ಗೋಡೆಯಿಂದ ತೆಗೆದು ಜುಲೈ ಹಾಳೆ ತೋರಿಸಿದೆ. ಅವರು ಜೂನ್‌ಗೆ ತಿರುಗಿಸಿದರು, ಆಮೇಲೆ ಆಗಸ್ಟ್‌ಗೆ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಇದು ಏನು, ಇದು ಏನು ಅಂತ ಕೇಳಿದರು. ಅಷ್ಟರಲ್ಲಿ ಮಗಳು ಕಿತ್ತಳೆ ಸುಲಿದಾಗಿತ್ತು.

ಕೆಲಸ ಮಾಡದೆ ಉಳಿದದ್ದು ಕರ್ಚೀಫು ಮಾತ್ರ. "ಚಲೋ ಅದಾವ, ಆಮ್ಯಾಲೆ ಬಳಸ್ತೀನಿ" ಅಂತ ಕಪಾಟಿನಲ್ಲಿ ಇಟ್ಟರು. ಕೈಪಟ್ಟಿ ಇದ್ದ ಅದೇ ಕಪಾಟು. ಈ ಸಲ ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಹಳೆಯ, ನೂಲು ಬಿಟ್ಟ ಕರ್ಚೀಫುಗಳನ್ನೆಲ್ಲ ಒಟ್ಟು ಮಾಡಿ ಒರೆಸುವ ಬಟ್ಟೆಗೆ ಹಾಕಿಬಿಟ್ಟೆ. ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಜೇಬು ತಡವಿದರು. ಒಳಗೆ ಹೋಗಿ ಹೊಸದೊಂದನ್ನು ಮಡಚಿಕೊಂಡು ಬಂದರು.